ಕೊಳ್ಳುವ ಮೊದಲು ಅಳೆದು ನೋಡಿ

ಪರಿಸರಕ್ಕೆ ಹೊರೆಯಾಗದಂತೆ ಕೊಳ್ಳುವುದು ಹೇಗೆ ಎಂದು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ. ಹೆಚ್ಚಿನವರ ಪ್ರಶ್ನೆ 'ಯಾವುದನ್ನು ಕೊಳ್ಳಲಿ?' ಎಂದಿದೆ. ನಮ್ಮ ಉತ್ತರ ಹಲವು ಕಡೆ 'ಸದ್ಯಕ್ಕೆ ಬೇಡ' ಎಂದಿದೆ. ಯಾಕೆ ಬೇಡ ಎನ್ನುವುದನ್ನು ಲೆಕ್ಕ ಹಾಕಿಯೇ ಹೇಳಿದ್ದೇವೆ.

ಪ್ರಶ್ನೆ: ನಮ್ಮ ಮನೀಗೆ ಬೋರಿನ ನೀರು. ಟಿಡಿಎಸ್ 900 ತೋರಸ್ತೈತಿ. ಅಂಗಡಿಯವರು ಆರ್‌ಓ ಮಶಿನ್ ಹಾಕಿಸ್ರಿ ಅಂತಾರ. ಒಂದು ಕೊಡ ಸೋಸಿದ್ರ ಮೂರು ಕೊಡ ಗಟಾರಕ್ಕ ಹೋಗ್ತೈತಿ ಅಂತ ಕೇಳೇವಿ. ಧಾರವಾಡದಾಗ ನಳದ ನೀರು ಬರೋ ನಮ್ಮ ತಂಗಿ ಮನ್ಯಾಗೂ ಅದೇ ಮಶಿನ್ ಐತಿ. ಇಬ್ಬರಿಗೂ ಬೇಕೇನ್ರಿ?
(ಮುಂಡರಗಿ ತಾಲೂಕಿನ ಓದುಗರು)

ಉತ್ತರ: ಬೇಕೋ ಬೇಡವೋ ಎಂಬುದನ್ನು ನಿಮ್ಮ ನೀರು ಹೇಳಬೇಕು, ಅಂಗಡಿಯಲ್ಲ. ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವುದನ್ನು. ಅದರಿಂದ ಕರಗಿದ ಲವಣ ಒಟ್ಟು ಎಷ್ಟಿದೆ ಎಂಬ ಅಂದಾಜು ಸಿಗುತ್ತದೆ, ಅಷ್ಟೇ. ಯಾವ ಲವಣ ಎಂದು ಅದಕ್ಕೆ ಗೊತ್ತಿಲ್ಲ, ರೋಗಾಣು ಇದ್ದರೂ ಗೊತ್ತಾಗುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 2000ದವರೆಗೂ ನಡೆಯುತ್ತದೆ. ಹಾಗಾಗಿ 900 ಎಂಬ ಅಂಕಿಯೊಂದನ್ನೇ ನೋಡಿ ಹೆದರಬೇಡಿ.

ಗದಗ ಜಿಲ್ಲೆಯ ಬೋರಿನ ನೀರಿನಲ್ಲಿ ಮೊದಲು ನೋಡಬೇಕಾದದ್ದು ಫ್ಲೋರೈಡ್. ಅದರ ಮಿತಿ ಲೀಟರಿಗೆ 1 ಮಿಲಿಗ್ರಾಂ, ಹೆಚ್ಚೆಂದರೆ 1.5. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ಇನ್ನೂ ಹೆಚ್ಚಾದರೆ ದೊಡ್ಡವರ ಬೆನ್ನು, ಕೀಲುಗಳು ಸೆಟೆದುಕೊಳ್ಳುತ್ತವೆ. ಟಿಡಿಎಸ್ 400 ಇರುವ ನೀರಿನಲ್ಲೂ ಫ್ಲೋರೈಡ್ ಹೆಚ್ಚಿರಬಹುದು, 1200 ಇರುವ ನೀರಿನಲ್ಲಿ ಕಡಿಮೆಯೂ ಇರಬಹುದು. ಆದ್ದರಿಂದ ಮಶಿನ್‌ಗೆ ದುಡ್ಡು ಕೊಡುವ ಮೊದಲು ನೀರಿನ ಪರೀಕ್ಷೆ ಮಾಡಿಸಿ. ಬೋರನ್ನು ಹತ್ತು ನಿಮಿಷ ಓಡಲು ಬಿಟ್ಟು, ಸ್ವಚ್ಛವಾದ ಒಂದು ಲೀಟರ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ, ಕಂಠಮಟ ತುಂಬಿ, ತಾರೀಖು ಬರೆದು ಚೀಟಿ ಅಂಟಿಸಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಕೊಟ್ಟು ಫ್ಲೋರೈಡ್, ನೈಟ್ರೇಟ್, ಗಡಸುತನ, ಟಿಡಿಎಸ್ ಈ ನಾಲ್ಕನ್ನೂ ಕೇಳಿ. ರೋಗಾಣು ಪರೀಕ್ಷೆಗೆ ಬೇರೆ ಬಾಟಲಿ ಬೇಕು, ಅದನ್ನು ಪ್ರಯೋಗಾಲಯದಿಂದಲೇ ತರಬೇಕು.

ಫ್ಲೋರೈಡ್ 1.5 ದಾಟಿದ್ದರೆ ಕುದಿಸಿ ಪ್ರಯೋಜನವಿಲ್ಲ. ಆವಿಯಾಗಿ ಹೋಗುವುದು ನೀರು, ಫ್ಲೋರೈಡ್ ಅಲ್ಲಿಯೇ ಉಳಿದು ಇನ್ನೂ ಗಟ್ಟಿಯಾಗುತ್ತದೆ. ರೋಗಾಣು ಕೊಲ್ಲುವ ಯುವಿ ದೀಪದಿಂದಲೂ ಹೋಗುವುದಿಲ್ಲ. ಆರ್‌ಓ ಪೊರೆ, ಅಂದರೆ ನೀರನ್ನು ಒತ್ತಡದಿಂದ ಹಾಯಿಸುವ ಸೋಸುಹಾಳೆ, ಅದನ್ನು ತಡೆಯುತ್ತದೆ. ಆದರೆ ನಿಮ್ಮ ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ನಡೆಯುತ್ತಿದ್ದರೆ ಮನೆಗೊಂದು ಮಶಿನ್ ಬೇಡ. ಕುಡಿಯಲು, ಅಡುಗೆಗೆ ಐದು ಜನರ ಮನೆಗೆ ದಿನಕ್ಕೆ 20 ಲೀಟರ್ ಸಾಕು, ಒಂದು ಕ್ಯಾನ್. ಘಟಕದ ಪೊರೆಯನ್ನು ಕೊನೆಯ ಸಲ ಯಾವಾಗ ಬದಲಿಸಿದ್ದಾರೆ ಎಂದು ಪಂಚಾಯಿತಿಯನ್ನು ಕೇಳಿ. ಅಲ್ಲಿಯ ನೀರನ್ನೂ ವರ್ಷಕ್ಕೊಮ್ಮೆ ಪರೀಕ್ಷೆಗೆ ಕೊಡಿ.

ಘಟಕ ಇಲ್ಲದೆ ಮಶಿನ್ ಹಾಕಿಸಲೇಬೇಕಾದರೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಮಶಿನ್ ಒಳಗೆ 'ಟಿಡಿಎಸ್ ಕಂಟ್ರೋಲರ್' ಎಂಬ ಸಣ್ಣ ತಿರುಪು ಇರುತ್ತದೆ. ನೀರು ಸಪ್ಪೆ ಎಂದು ನೀವು ಹೇಳಿದ ಕೂಡಲೇ ಮೆಕ್ಯಾನಿಕ್ ಅದನ್ನು ಸ್ವಲ್ಪ ತೆರೆದು ಹೋಗುತ್ತಾನೆ. ಆ ತಿರುಪು ಮಾಡುವ ಕೆಲಸ ಇಷ್ಟೇ: ಪೊರೆಯನ್ನು ದಾಟದ ಬೋರಿನ ನೀರನ್ನು ಸೋಸಿದ ನೀರಿಗೆ ಬೆರೆಸುವುದು. ರುಚಿಯ ಜೊತೆಗೆ ಫ್ಲೋರೈಡ್ ಕೂಡ ಮರಳಿ ಬರುತ್ತದೆ. ಫ್ಲೋರೈಡ್ ಇರುವ ಊರಿನಲ್ಲಿ ಅದನ್ನು ಪೂರ್ತಿ ಮುಚ್ಚಿಸಿ, ನಿಮ್ಮ ಕಣ್ಣೆದುರೇ ಮುಚ್ಚಿಸಿ.

ಇನ್ನು ಹೊರಗೆ ಹೋಗುವ ನೀರು. ಒಂದು ಲೀಟರ್ ಸೋಸುವಷ್ಟರಲ್ಲಿ ಹೊರಕೊಳವೆಯಲ್ಲಿ ಎಷ್ಟು ಬಂತು ಎಂದು ಬಕೆಟ್ ಇಟ್ಟು ಅಳೆಯಿರಿ. ಮನೆಯ ಮಶಿನ್‌ಗಳಲ್ಲಿ ಒಂದಕ್ಕೆ ಮೂರು ಸಾಮಾನ್ಯ. ದಿನಕ್ಕೆ 20 ಲೀಟರ್ ಸೋಸಿದರೆ 60 ಲೀಟರ್ ಹೊರಗೆ, ವರ್ಷಕ್ಕೆ ಸುಮಾರು 22,000 ಲೀಟರ್. ಒಂದಕ್ಕೆ ಐದಾರು ಆಗುತ್ತಿದ್ದರೆ ಮೊದಲ ಫಿಲ್ಟರಿನಲ್ಲಿ ಕೆಸರು ತುಂಬಿ ಒತ್ತಡ ಇಳಿದಿದೆ, ಇಲ್ಲವೇ ಪೊರೆಯ ಆಯಸ್ಸು ಮುಗಿದಿದೆ ಎಂದರ್ಥ. ಬೋರಿನ ನೀರಿಗೆ ಮೊದಲ ಫಿಲ್ಟರನ್ನು ಆರು ತಿಂಗಳಿಗೊಮ್ಮೆ ಬದಲಿಸಿ. ಆ ಒಂದು ಖರ್ಚು ಪೊರೆಯ ಆಯಸ್ಸನ್ನೂ ಕಾಯುತ್ತದೆ. ಹೊರಬಂದ ನೀರನ್ನು ನೆಲ ಒರೆಸಲು, ಪಾಯಖಾನೆಗೆ, ಭಾಂಡೆಯ ಮೊದಲ ತೊಳೆತಕ್ಕೆ ಬಳಸಿ. ಗಿಡಕ್ಕೆ ದಿನವೂ ಹಾಕಬೇಡಿ. ನಿಮ್ಮ 900ರ ನೀರು ಹೊರಗೆ ಬರುವಾಗ 1200ರ ಹತ್ತಿರ ಇರುತ್ತದೆ, ಎರೆ ಮಣ್ಣಿನಲ್ಲಿ ಉಪ್ಪು ಕೂತು ನೆಲ ಬಿಗಿಯುತ್ತದೆ. ದನಕ್ಕಂತೂ ಕುಡಿಸಲೇಬೇಡಿ.

ನಿಮಗೆ ಇನ್ನೊಂದು ದಾರಿಯೂ ಇದೆ. ಮಳೆನೀರಿನಲ್ಲಿ ಫ್ಲೋರೈಡ್‌ನ ಭಯವಿಲ್ಲ. ಗದಗ ಕಡೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. 100 ಚದರ ಮೀಟರ್ ಮಾಳಿಗೆಯ ಮೇಲೆ ಅದು 60,000 ಲೀಟರ್ ಆಗುತ್ತದೆ, ಸೋರಿದ್ದು ಆರಿದ್ದು ಕಳೆದರೂ 48,000 ಕೈಗೆ ಸಿಗುತ್ತದೆ. ನಿಮಗೆ ಕುಡಿಯಲು, ಅಡುಗೆಗೆ ಬೇಕಾದದ್ದು ವರ್ಷಕ್ಕೆ 7,300. ಕಾಂಕ್ರೀಟ್ ಇಲ್ಲವೇ ತಗಡಿನ ಮಾಳಿಗೆ ಇರಬೇಕು, ಮಣ್ಣಿನ ಮಾಳಿಗೆಯ ನೀರು ಬೇಡ. ಪ್ರತಿ ಮಳೆಯ ಮೊದಲ 150–200 ಲೀಟರನ್ನು ಹೊರಗೆ ಬಿಡುವಂತೆ ಕೊಳವೆಗೆ ಒಂದು ಕವಲು ಕೊಡಿಸಿ, ಟ್ಯಾಂಕಿಗೆ ಬೆಳಕು ಬೀಳದಂತೆ ಮುಚ್ಚಿ. ಬಳಸುವಾಗ ಸೋಸಿ ಕುದಿಸಿ ಕುಡಿಯಿರಿ.

ನಿಮ್ಮ ತಂಗಿಯ ಮಾತೇ ಬೇರೆ. ಹುಬ್ಬಳ್ಳಿ-ಧಾರವಾಡಕ್ಕೆ ಬರುವುದು ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟಿನ ಮಲಪ್ರಭೆಯ ನೀರು. ಪಶ್ಚಿಮಘಟ್ಟದ ಮಳೆಯಿಂದ ತುಂಬುವ ಹೊಳೆಯ ನೀರಿನಲ್ಲಿ ಲವಣ ಕಡಿಮೆ. ಅವರ ನಳದ ನೀರಿಗೂ ಒಮ್ಮೆ ಮೀಟರ್ ಹಿಡಿದು ನೋಡಲಿ. 500ರ ಒಳಗಿದ್ದರೆ ಆರ್‌ಓ ಬೇಕಿಲ್ಲ, ಸೋಸಿ ಕುದಿಸಿದರೆ ಸಾಕು, ಇಲ್ಲವೇ ಯುವಿ ಇರುವ ಫಿಲ್ಟರ್ ಸಾಕು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಕೂಡ 500ಕ್ಕಿಂತ ಕಡಿಮೆ ಟಿಡಿಎಸ್ ಇರುವಲ್ಲಿ ಆರ್‌ಓ ಬಳಕೆಯನ್ನು ನಿಷೇಧಿಸಬೇಕು ಎಂದಿತ್ತು. ಕುಡಿಯುವ ನೀರನ್ನು ಅಷ್ಟು ದೂರದಿಂದ ಪಂಪ್ ಮಾಡಿ ತಂದು, ಮನೆಯಲ್ಲಿ ಮುಕ್ಕಾಲು ಪಾಲು ಗಟಾರಕ್ಕೆ ಬಿಡುವುದು ನಮಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ಹಾಲಿನ ಪಾಕೀಟನ್ನು ತೊಳೆದು ಮೋಡಕಾದವರಿಗೆ (ಗುಜರಿಯವರಿಗೆ) ಕೊಡುತ್ತೇನೆ. ಇದರಿಂದ ನಿಜವಾಗಿ ಉಪಯೋಗ ಇದೆಯೇ?
(ಸಪ್ತಾಪುರ, ಧಾರವಾಡ)

ಉತ್ತರ: ಇದೆ. ಅದು ಪಾಲಿಥಿನ್, ಕರಗಿಸಿ ಮತ್ತೆ ಬಳಸಬಹುದು. ಆದರೆ ಪಾಕೀಟು ಕತ್ತರಿಸುವಾಗ ಮೂಲೆಯ ತುಣುಕನ್ನು ಪೂರ್ತಿ ತುಂಡು ಮಾಡಬೇಡಿ, ಒಂದು ಎಳೆಯಷ್ಟು ಅಂಟಿಕೊಂಡೇ ಇರಲಿ. ಉಗುರಿನಷ್ಟು ಇರುವ ಆ ತುಣುಕನ್ನು ಯಾರೂ ಆರಿಸುವುದಿಲ್ಲ. ಅದು ಹಸಿಕಸದ ಜೊತೆ ಗೊಬ್ಬರಕ್ಕೆ, ಅಲ್ಲಿಂದ ಹೊಲಕ್ಕೆ ಹೋಗುತ್ತದೆ. ತೊಳೆದ ಪಾಕೀಟನ್ನು ಒಳಮೈ ಹೊರಗೆ ಮಾಡಿ ಒಣಗಿಸಿ. ಒದ್ದೆ ಪಾಕೀಟು ನಾರಿದರೆ ಮೋಡಕಾದವರು ವಾಪಸು ಕೊಡುತ್ತಾರೆ.

ಪ್ರಶ್ನೆ: ಮೇ ತಿಂಗಳಲ್ಲಿ ಮಗಳ ಮದುವೆ, 800 ಜನ ಊಟಕ್ಕೆ. ಪ್ಲಾಸ್ಟಿಕ್ ಬೇಡವೆಂದು ಪೇಪರ್ ತಾಟು, ಪೇಪರ್ ಲೋಟ ತರಿಸಬೇಕೆಂದಿದ್ದೇವೆ. ನೀರಿಗೆ ಸಣ್ಣ ಬಾಟಲಿ. ಸರಿಯೇ?
(ಹಾವೇರಿಯ ಓದುಗರು)

ಉತ್ತರ: ಮದುವೆ ಚೆನ್ನಾಗಿ ನಡೆಯಲಿ. ತಾಟು, ಲೋಟ, ಬಾಟಲಿ ಈ ಮೂರನ್ನೂ ಬದಲಿಸಬಹುದು.

ಪೇಪರ್ ಲೋಟವನ್ನು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಹಾಕಿ ಒಳಮೈಯನ್ನು ಉಗುರಿನಿಂದ ಕೆರೆಯಿರಿ. ತೆಳ್ಳಗಿನ ಪೊರೆಯೊಂದು ಸುಲಿದು ಬರುತ್ತದೆ, ಅದೇ ಪ್ಲಾಸ್ಟಿಕ್. ಅದಿಲ್ಲದೆ ಕಾಗದ ಸಾರನ್ನು ಹಿಡಿದಿಡಲಾರದು. ಕಾಗದಕ್ಕೆ ಅಂಟಿದ ಪ್ಲಾಸ್ಟಿಕ್ ಗೊಬ್ಬರವೂ ಆಗುವುದಿಲ್ಲ, ಮೋಡಕಾಕ್ಕೂ ಹೋಗುವುದಿಲ್ಲ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಾಟು, ಲೋಟ, ಚಮಚ, ಸ್ಟ್ರಾ, ಅಲಂಕಾರದ ಥರ್ಮಾಕೋಲ್, ಮಿಠಾಯಿ ಡಬ್ಬಿಗೂ ಆಮಂತ್ರಣ ಪತ್ರಿಕೆಗೂ ಸುತ್ತುವ ಪ್ಲಾಸ್ಟಿಕ್ ಹಾಳೆ ಇವೆಲ್ಲ ದೇಶದಾದ್ಯಂತ ನಿಷೇಧವಾಗಿವೆ. ಆಮಂತ್ರಣ ಮುದ್ರಿಸುವವರಿಗೂ ಈಗಲೇ ಹೇಳಿಬಿಡಿ.

ತಾಟಿನ ವಿಷಯ ನಿಮ್ಮಲ್ಲಿ ನೀರು ಎಷ್ಟಿದೆ ಎಂಬುದರ ಮೇಲೆ ನಿಂತಿದೆ. ಸ್ಟೀಲ್ ತಾಟು ಬಾಡಿಗೆಗೆ ತಂದರೆ ಎಲ್ಲಕ್ಕಿಂತ ಒಳ್ಳೆಯದು. ಪಂಕ್ತಿಗೆ 200 ಜನ ಎಂದು ಹಿಡಿದರೆ 800 ತಾಟು ಬೇಕಿಲ್ಲ, 450 ಸಾಕು: ಒಂದು ಸರತಿ ಊಟದಲ್ಲಿ, ಒಂದು ಸರತಿ ತೊಳೆಯುವಲ್ಲಿ, ಮೇಲೆ 50. ತೊಳೆಯಲು ನಳದ ಕೆಳಗೆ ಹಿಡಿಯದೆ ನೂರು ಲೀಟರಿನ ಮೂರು ಟಬ್ ಇಡಿಸಿ. ಮೊದಲ ಟಬ್ಬಿನಲ್ಲಿ ಸಾಬೂನು ನೀರು, ಎರಡನೆಯದರಲ್ಲಿ ತಣ್ಣೀರು, ಮೂರನೆಯದರಲ್ಲಿ ಕೈ ಸುಡುವಷ್ಟು ಬಿಸಿನೀರು. ಎಂಜಲನ್ನು ಮೊದಲೇ ಬುಟ್ಟಿಗೆ ಕೊಡವಬೇಕು. ಇಲ್ಲದಿದ್ದರೆ ಮೊದಲ ಟಬ್ಬು ಐವತ್ತು ತಾಟಿಗೇ ಕೆಡುತ್ತದೆ. ನೂರು ತಾಟಿಗೊಮ್ಮೆ ನೀರು ಬದಲಿಸಿದರೆ ತಾಟಿಗೆ 3 ಲೀಟರ್, ಎಲ್ಲ ಸೇರಿ 2,400 ಲೀಟರ್. ಅಷ್ಟು ನೀರಿಗೂ ಟ್ಯಾಂಕರ್ ಕಾಯಬೇಕಾದ ಸ್ಥಿತಿ ಇದ್ದರೆ ಪತ್ರಾವಳಿಯೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಪತ್ರಾವಳಿ ತರುವಾಗ ತಿರುವಿ ನೋಡಿ. ಈಗ ಮುತ್ತಲ ಎಲೆಯ ಕೆಳಗೆ ಪ್ಲಾಸ್ಟಿಕ್ ಹಾಳೆ ಒತ್ತಿದವೂ ಬರುತ್ತವೆ, ಅವು ಬೇಡ. ಕಡ್ಡಿಯಿಂದ ಹೊಲಿದದ್ದೇ ಬೇಕೆಂದು ಹೇಳಿ. ಅಡಿಕೆ ಹಾಳೆ ತಾಟಾದರೆ 12 ಇಂಚು, ಅಂಚು ಒಂದು ಇಂಚು ಎದ್ದಿರಬೇಕು. ತಟ್ಟೆಯಂತೆ ಚಪ್ಪಟೆ ಇದ್ದರೆ ಸಾರು ಸೀರೆಯ ಮೇಲೆ ಬೀಳುತ್ತದೆ. ಹಾಳೆ ಕೆಡುವುದು ತೇವದಿಂದ. ಕಟ್ಟು ಬಿಚ್ಚಿ ಮೂಗಿಗೆ ಹಿಡಿಯಿರಿ: ಮುಗ್ಗಲು ವಾಸನೆ ಇದ್ದರೆ, ಬೂದು-ಕಪ್ಪು ಚುಕ್ಕೆ ಇದ್ದರೆ ಅದು ಬೂಸಲು, ಮರಳಿಸಿ. ಮದುವೆಗೆ ಹದಿನೈದು ದಿನ ಇರುವಾಗ ತಂದು, ಎರಡು ತಾಸು ಬಿಸಿಲಿಗೆ ಹರವಿ, ಗೋಣಿಚೀಲದಲ್ಲಿ ನೆಲದಿಂದ ಎತ್ತರಕ್ಕೆ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆವರಿ ಬೂಸಲು ಹಿಡಿಯುತ್ತದೆ.

ಸಣ್ಣ ಬಾಟಲಿ ತಲೆಗೆ ಎರಡಾದರೆ 1,600 ಆಗುತ್ತವೆ, ಬಹುಪಾಲು ಅರ್ಧ ಕುಡಿದು ಬಿಟ್ಟವು. ಬದಲಿಗೆ 20 ಲೀಟರಿನ ಕ್ಯಾನ್ 50 ತರಿಸಿ. ತಲೆಗೆ ಒಂದು ಲೀಟರಿನಂತೆ 40, ಬಿಸಿಲಿಗೆಂದು 10 ಹೆಚ್ಚು. ಪಂಕ್ತಿಯಲ್ಲಿ ಚರಿಗೆ ಹಿಡಿದು ಸ್ಟೀಲ್ ಲೋಟಕ್ಕೆ ಹಾಕುತ್ತ ಹೋಗಲು ನಾಲ್ಕು ಹುಡುಗರನ್ನು ನಿಲ್ಲಿಸಿದರೆ ಆಯಿತು. ಬಾಟಲಿ ಇಲ್ಲದಿದ್ದರೆ ಜನ ಏನೆಂದಾರು ಎಂಬ ಅಳುಕು ಬೇಡ. ತುಂಬಿದ ಲೋಟ ಕೈಗೆ ಸಿಕ್ಕರೆ ಯಾರೂ ಬಾಟಲಿ ಕೇಳುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಹಾಳಾಗುವುದು ಅನ್ನ. ಖಡಕ್ ರೊಟ್ಟಿ ಉಳಿದರೆ ನಾಲ್ಕು ಮನೆಗೆ ಹಂಚಬಹುದು, ಅನ್ನ-ಸಾರು ಮೇ ತಿಂಗಳ ಸೆಕೆಗೆ ಸಂಜೆಯೊಳಗೆ ಹಳಸುತ್ತದೆ. ರೊಟ್ಟಿ, ಹುಗ್ಗಿ ಇರುವ ಊಟದಲ್ಲಿ ಅಕ್ಕಿ 80 ಕಿಲೊ ಸಾಕು, ಅದನ್ನೂ ಒಂದೇ ಸಲ ಒಲೆಗೆ ಏರಿಸಬೇಡಿ. ಮೊದಲು 40, ಎರಡನೆಯ ಪಂಕ್ತಿ ಕೂತಾಗ 25, ಮೂರನೆಯದು ಎದ್ದ ಮೇಲೆ ಜನ ನೋಡಿ ಉಳಿದ 15. ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವನ್ನು ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ಬೇರ್ಪಡಿಸಿ ಕೊಡಬೇಕು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಬಂದಿತ್ತು. ನಗರಸಭೆಗೆ ಒಂದು ಚೀಟಿ ಕೊಟ್ಟಿಟ್ಟರೆ ಮರುದಿನ ಬೆಳಿಗ್ಗೆ ಗಾಡಿ ಬರುತ್ತದೆಯೇ ಎಂದು ಕೇಳುವ ಹಕ್ಕು ನಿಮ್ಮದಾಗುತ್ತದೆ. ಇನ್ನು ಬೀಗರಿಗೆ ಹಾಕುವ ಹಾರಕ್ಕೆ ಪ್ಲಾಸ್ಟಿಕ್ ಹೂವಿನ ಮಾತೇ ಬೇಡ. ನಿಮ್ಮ ಊರಿನ ಏಲಕ್ಕಿ ಹಾರವನ್ನು ಮನೆಯಲ್ಲಿ ವರ್ಷಗಟ್ಟಲೆ ಇಟ್ಟುಕೊಳ್ಳಬಹುದು.

ಪ್ರಶ್ನೆ: ಮನೆಯಲ್ಲಿ ಐದು ಹಳೆಯ ಫ್ಯಾನ್ ಇವೆ. ಎಲ್ಲ ತೆಗೆದು ಬಿಎಲ್‌ಡಿಸಿ ಫ್ಯಾನ್ ಹಾಕಿಸಿದರೆ ಪರಿಸರಕ್ಕೆ ಒಳ್ಳೆಯದಲ್ಲವೇ?
(ಗೋಕುಲ ರಸ್ತೆ, ಹುಬ್ಬಳ್ಳಿ)

ಉತ್ತರ: ಎಲ್ಲವೂ ಬೇಡ. ಯಾವ ಫ್ಯಾನ್ ದಿನಕ್ಕೆ ಎಷ್ಟು ತಾಸು ತಿರುಗುತ್ತದೆ ಎಂದು ಬರೆದುಕೊಳ್ಳಿ. ಹಳೆಯದು ಸುಮಾರು 75 ವ್ಯಾಟ್, ಬಿಎಲ್‌ಡಿಸಿ (ಎಲೆಕ್ಟ್ರಾನಿಕ್ ಬೋರ್ಡಿನಿಂದ ನಡೆಯುವ, ಕಡಿಮೆ ವಿದ್ಯುತ್ತಿನ ಮೋಟರಿನದು) ಪೂರ್ತಿ ವೇಗದಲ್ಲಿ 30ರ ಆಸುಪಾಸು. ಉಳಿತಾಯ 45 ವ್ಯಾಟ್. ದಿನಕ್ಕೆ 12 ತಾಸಿನಂತೆ ವರ್ಷಕ್ಕೆ 300 ದಿನ ತಿರುಗುವ ಫ್ಯಾನ್ ಆದರೆ 162 ಯುನಿಟ್ ಉಳಿಯುತ್ತದೆ. ಯುನಿಟ್ಟಿಗೆ 6 ರೂಪಾಯಿ ಹಿಡಿದರೆ 972 ರೂಪಾಯಿ, ಮೂರು ವರ್ಷದಲ್ಲಿ ಫ್ಯಾನಿನ ಬೆಲೆ ಹೊರಡುತ್ತದೆ. ದಿನಕ್ಕೆ ಎರಡು ತಾಸು ತಿರುಗುವ ದೇವರ ಕೋಣೆಯ ಫ್ಯಾನ್ ಆದರೆ ಉಳಿಯುವುದು 27 ಯುನಿಟ್. ಅಷ್ಟಕ್ಕಾಗಿ ಗಟ್ಟಿಮುಟ್ಟಾದ ಒಂದು ಫ್ಯಾನನ್ನು ಮೋಡಕಾಕ್ಕೆ ಹಾಕಿ, ಹೊಸ ತಾಮ್ರ, ಕಬ್ಬಿಣ, ಅಯಸ್ಕಾಂತ ಖರ್ಚು ಮಾಡುವುದು ಲುಕ್ಸಾನು. ಮಲಗುವ ಕೋಣೆಯದನ್ನೂ ಪಡಸಾಲೆಯದನ್ನೂ ಬದಲಿಸಿ, ಉಳಿದ ಮೂರು ಹಾಗೇ ಇರಲಿ. ನೀವು ಗೃಹಜ್ಯೋತಿಯ ಮಿತಿಯೊಳಗೆ ಇದ್ದರೆ ಈ ಉಳಿತಾಯ ನಿಮ್ಮ ಬಿಲ್ಲಿನಲ್ಲಿ ಕಾಣುವುದಿಲ್ಲ, ಆದರೆ ಯುನಿಟ್ ಉಳಿದದ್ದು ಉಳಿದದ್ದೇ.

ಹಳೆಯ ಫ್ಯಾನ್ ನಿಧಾನ ತಿರುಗುತ್ತದೆ ಎಂಬುದೇ ದೂರಾದರೆ ಮೊದಲು ಕಂಡೆನ್ಸರ್ ಬದಲಿಸಿ ನೋಡಿ. ಫ್ಯಾನಿನ ಮೇಲ್ಗಡೆ ಬಟ್ಟಲೊಳಗೆ ಇರುವ ಬೆರಳುದ್ದದ ಡಬ್ಬಿ ಅದು, ಸಾಮಾನ್ಯವಾಗಿ 2.5 ಮೈಕ್ರೊಫ್ಯಾರಡ್. ವರ್ಷಗಳು ಕಳೆದಂತೆ ಅದರ ಬಲ ಕುಂದುತ್ತದೆ, ವೇಗ ಇಳಿಯುತ್ತದೆ. ನೂರು ರೂಪಾಯಿಯೊಳಗೆ ಮುಗಿಯುವ ಕೆಲಸ. ಕರಕರ ಸದ್ದು ಬಂದರೆ ಬೇರಿಂಗ್ ಹೋಗಿದೆ, ಅದನ್ನೂ ಬದಲಿಸಬಹುದು.

ಹೊಸದು ತರುವಾಗ 2023ರ ಜನವರಿಯಿಂದ ಕಡ್ಡಾಯವಾದ ಸ್ಟಾರ್ ಚೀಟಿಯಲ್ಲಿ ವ್ಯಾಟ್ ಜೊತೆಗೆ ಎಷ್ಟು ಗಾಳಿ ದೂಡುತ್ತದೆ ಎಂಬುದನ್ನೂ ಓದಿ. ಗಾಳಿಯೇ ಕಡಿಮೆ ಇದ್ದರೆ ಉಳಿತಾಯಕ್ಕೆ ಅರ್ಥವಿಲ್ಲ. ಬಿಎಲ್‌ಡಿಸಿಯಲ್ಲಿ ಕೆಡುವುದು ಮೋಟರಿಗಿಂತ ಹೆಚ್ಚಾಗಿ ಅದರ ಒಳಗಿನ ಎಲೆಕ್ಟ್ರಾನಿಕ್ ಬೋರ್ಡು, ಅದೂ ವೋಲ್ಟೇಜ್ ಜಿಗಿದಾಗ. ಬೋರ್ಡು ಬಿಡಿಯಾಗಿ ಸಿಗುತ್ತದೆಯೇ, ಎಷ್ಟು ವರ್ಷ ಗ್ಯಾರಂಟಿ ಎಂದು ಕೇಳಿಯೇ ದುಡ್ಡು ಕೊಡಿ. ಗೋಡೆಯ ಹಳೆಯ ರೆಗ್ಯುಲೇಟರನ್ನು ತೆಗೆಸಿ ನೇರ ಸ್ವಿಚ್ಚಿಗೆ ಕೊಡಿಸಿ. ಅದನ್ನು ಹಾಗೇ ಬಿಟ್ಟರೆ ಬೋರ್ಡು ಸುಟ್ಟೀತು.

ಪ್ರಶ್ನೆ: ಪ್ಲಾಸ್ಟಿಕ್ ಚೀಲ ಬಿಟ್ಟು ಅಂಗಡಿಯವರು ಕೊಡುವ ಬಟ್ಟೆ ಚೀಲವನ್ನೇ ತರುತ್ತೇನೆ. ಮನೆಯಲ್ಲಿ ಈಗ ಅವೇ ಒಂದು ಗಂಟಾಗಿವೆ. ಏನು ಮಾಡಲಿ?
(ಬೆಟಗೇರಿ, ಗದಗ)

ಉತ್ತರ: ಒಂದು ಚೀಲದ ಮೂಲೆಯಿಂದ ಸಣ್ಣ ತುಣುಕು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಹತ್ತಿ ಬಟ್ಟೆಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಕರಗಿ ಗುಂಡಗೆ ಮಣಿಯಾದರೆ ಅದು ಪಾಲಿಪ್ರೊಪಿಲಿನ್, ಅಂದರೆ ಪ್ಲಾಸ್ಟಿಕ್ಕೇ. ನೇಯ್ದದ್ದಲ್ಲ, ಎಳೆಗಳನ್ನು ಬಿಸಿಯಲ್ಲಿ ಒತ್ತಿ ಹಾಳೆ ಮಾಡಿದ್ದು. ನಿಮ್ಮ ಗಂಟಿನಲ್ಲಿ ಬಹುಪಾಲು ಇವೇ ಇರುತ್ತವೆ. ಎಸೆಯಬೇಡಿ, ಹರಿಯುವವರೆಗೆ ಬಳಸಿ, ಹೊಸದನ್ನು ಮಾತ್ರ ತರಬೇಡಿ. ಬಿಸಿಲಿಗೆ ಬಿಟ್ಟರೆ ಪುಡಿಪುಡಿಯಾಗಿ ಗಾಳಿಗೆ ಹಾರುತ್ತದೆ, ಆದ್ದರಿಂದ ಮಾಳಿಗೆಯ ಮೇಲೆ ಇಡಬೇಡಿ. ಇಂಥ ಚೀಲಕ್ಕೂ ಚದರ ಮೀಟರಿಗೆ ಕನಿಷ್ಠ 60 ಗ್ರಾಂ ತೂಕವಿರಬೇಕೆಂದು 2021ರಿಂದ ನಿಯಮವಿದೆ. ಕೈಗೆ ಹಿಡಿದು ಬೆಳಕು ನೋಡಿದರೆ ಆಚೆಯದು ಕಾಣುವಷ್ಟು ತೆಳ್ಳಗಿದ್ದರೆ ಅಂಗಡಿಯವರಿಗೆ ತಿರುಗಿ ಕೊಡಿ.

ಪಿಶವಿಗೆ, ಅಂದರೆ ಬಟ್ಟೆಯ ಕೈಚೀಲಕ್ಕೆ, ಹೊಸ ಬಟ್ಟೆ ಬೇಕಿಲ್ಲ. ಹಳೆಯ ಹಾಸಿಗೆಯ ಚಾದರ, ದಪ್ಪ ನೂಲಿನ ಸೀರೆ ನಡೆಯುತ್ತದೆ. ಅಗಲ 16 ಇಂಚು, ಎತ್ತರ 18 ಇಂಚು, ತಳಕ್ಕೆ ಎರಡು ಸಾಲು ಹೊಲಿಗೆ. ಚೀಲ ಹರಿಯುವುದು ಹಿಡಿಕೆ ಕೂಡುವ ಜಾಗದಲ್ಲಿ, ಅಲ್ಲಿ ಎರಡು ಇಂಚು ಅಗಲದ ಪಟ್ಟಿ ಕೊಟ್ಟು ಚೌಕ ಹೊಲಿಗೆ ಹಾಕಿ ನಡುವೆ ಅಡ್ಡ ಗೆರೆ ಎಳೆಯಿರಿ. ಮೂರು ಸಾಕು: ಒಂದು ಗಾಡಿಯ ಡಿಕ್ಕಿಯಲ್ಲಿ, ಒಂದು ಬಾಗಿಲ ಹಿಂದೆ, ಒಂದು ತೊಳೆಯಲು ಹಾಕಿದ್ದು.

ಪ್ರಶ್ನೆ: ಆಗಸ್ಟ್ 15ಕ್ಕೆ ಮಕ್ಕಳಿಗೆ ಹಂಚಲು ಧ್ವಜ ಬೇಕು. ಅಗ್ಗದಲ್ಲಿ ಸಿಗುವವು ಬೇಡ ಎನ್ನಿಸುತ್ತದೆ.
(ಶಾಲಾ ಶಿಕ್ಷಕಿ, ನವಲಗುಂದ)

ಉತ್ತರ: ಪ್ಲಾಸ್ಟಿಕ್ ಧ್ವಜ 2022ರ ನಿಷೇಧದ ಪಟ್ಟಿಯಲ್ಲೇ ಇದೆ. ಮಕ್ಕಳ ಕೈಗೆ ಕಾಗದದ ಧ್ವಜ ಕೊಡಬಹುದು, ಆದರೆ ಮುಗಿದ ಮೇಲೆ ನೆಲಕ್ಕೆ ಬೀಳದಂತೆ ಎಣಿಸಿ ವಾಪಸು ತೆಗೆದುಕೊಳ್ಳಿ. ಶಾಲೆಯ ಕಂಬಕ್ಕೆ ಖಾದಿಯದೇ ತನ್ನಿ. 2021ರ ಡಿಸೆಂಬರಿನ ತಿದ್ದುಪಡಿಯಿಂದ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ಸಿಕ್ಕಿದೆ, ಆದರೆ ಅದೂ ಪ್ಲಾಸ್ಟಿಕ್ ಎಳೆಯೇ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಮಾನಕ ಪ್ರಕಾರ ಖಾದಿ ಧ್ವಜ ತಯಾರಿಸುತ್ತದೆ, ನಿಮಗೆ ಅದು ತಾಸಿನ ದಾರಿ. ಹರಿದ ಧ್ವಜವನ್ನು ಗೌರವದಿಂದ, ಏಕಾಂತದಲ್ಲಿ ಸುಡಬಹುದು ಎನ್ನುತ್ತದೆ ಧ್ವಜ ಸಂಹಿತೆ. ಖಾದಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಕರಿ ಹೊಗೆ ಬಿಡುತ್ತದೆ.

ಪ್ರಶ್ನೆ: ಹದಿನೈದು ವರ್ಷದ ಫ್ರಿಜ್ ನಿಂತುಹೋಗಿದೆ. ಮೋಡಕಾದವರು ಸಾವಿರ ರೂಪಾಯಿ ಕೊಡುತ್ತೇವೆ ಎನ್ನುತ್ತಾರೆ. ಕೊಡಲೇ?
(ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಅವರು ಮೊದಲು ಮಾಡುವ ಕೆಲಸ ಹಿಂದಿನ ತಾಮ್ರದ ಕೊಳವೆ ಕತ್ತರಿಸುವುದು. ಆ ಕ್ಷಣಕ್ಕೇ ಒಳಗಿನ ಗ್ಯಾಸ್ ಗಾಳಿಗೆ ಹೋಗುತ್ತದೆ. ಬಾಗಿಲೊಳಗಿನ ಇಲ್ಲವೇ ಹಿಂದಿನ ಚೀಟಿಯಲ್ಲಿ ಆ ಗ್ಯಾಸಿನ ಹೆಸರು ನೋಡಿ. ಆರ್-134ಎ ಎಂದಿದ್ದರೆ ಅದರ ಒಂದು ಕಿಲೊ, ಭೂಮಿಯನ್ನು ಕಾಯಿಸುವುದರಲ್ಲಿ 1,430 ಕಿಲೊ ಇಂಗಾಲದ ಡೈಆಕ್ಸೈಡಿಗೆ ಸಮ. ಫ್ರಿಜ್ಜಿನಲ್ಲಿ ಇರುವುದು ನೂರು ಗ್ರಾಂ ಅಷ್ಟೇ ಎಂದರೂ 143 ಕಿಲೊ ಆಯಿತು. ಹೊಸದು ಕೊಳ್ಳುವ ಅಂಗಡಿಯಲ್ಲಿ ವಿನಿಮಯಕ್ಕೆ ಕೊಡಿ, ಇಲ್ಲವೇ ಕಂಪನಿಯ ಗ್ರಾಹಕ ಸೇವೆಗೆ ಫೋನು ಮಾಡಿ ನೋಂದಾಯಿತ ಇ-ತ್ಯಾಜ್ಯ ಸಂಗ್ರಹದವರು ಬರುವಂತೆ ಕೇಳಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ಇಂಥ ವಸ್ತುಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಲಾಗಿದೆ. ಅದಕ್ಕೂ ಮೊದಲು ಒಬ್ಬ ಮೆಕ್ಯಾನಿಕ್‌ಗೆ ತೋರಿಸಿ. ಥರ್ಮೊಸ್ಟಾಟ್ ಇಲ್ಲವೇ ರಿಲೇ ಹೋಗಿದ್ದರೆ ಫ್ರಿಜ್ ಸತ್ತಿಲ್ಲ. ಹೊಸದು ತಂದರೆ ಆರ್-600ಎ ಗ್ಯಾಸಿನದು ತನ್ನಿ, ಮನೆಮಂದಿ ನಾಲ್ಕು ಇದ್ದರೆ ದೊಡ್ಡ ಎರಡು ಬಾಗಿಲಿನದು ಬೇಡ. ಗೋಡೆಯಿಂದ ಗೇಣಷ್ಟು ದೂರ ಇಡಿ.

ಪ್ರಶ್ನೆ: ನಾನು ಕಿರಾಣಿ ಅಂಗಡಿಯವ. ಐದು ರೂಪಾಯಿ ಮಸಾಲಿ ಪಾಕೀಟು, ಶಾಂಪೂ ಪಾಕೀಟೇ ಹೆಚ್ಚು ಹೋಗ್ತಾವ. ಬಿಡಿ ಮಾರಬೇಕಂದ್ರ ಯಾವ್ಯಾವ ಮಾರಬಹುದು?
(ರಾಣೆಬೆನ್ನೂರು)

ಉತ್ತರ: ಅಂಗಡಿಯವರೇ ಕೇಳಿದ್ದೀರಿ, ಬಹಳ ಸಂತೋಷ. ಆ ಪಾಕೀಟು ಎರಡು ಮೂರು ಬಗೆಯ ಪ್ಲಾಸ್ಟಿಕ್, ಕೆಲವೊಮ್ಮೆ ಅಲ್ಯೂಮಿನಿಯಂ ಸೇರಿಸಿ ಒತ್ತಿದ್ದು. ಪದರ ಬಿಡಿಸಲು ಆಗದ್ದರಿಂದ ಮೋಡಕಾದವರು ಮುಟ್ಟುವುದಿಲ್ಲ. ಬಿಡಿ ಮಾರುವಾಗ ಎರಡನ್ನು ಮಾತ್ರ ಕೈಬಿಡಿ: ಅಡುಗೆ ಎಣ್ಣೆ ಮತ್ತು ಪುಡಿ ಮಾಡಿದ ಮಸಾಲೆ. ಕಲಬೆರಕೆಯ ಭಯದಿಂದ ಇವೆರಡನ್ನೂ ಪ್ಯಾಕ್ ಇಲ್ಲದೆ ಮಾರಲು ಆಹಾರ ಸುರಕ್ಷತಾ ನಿಯಮಗಳು ಬಿಡುವುದಿಲ್ಲ. ಇಡಿಯಾದ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಬೇಳೆ, ಅಕ್ಕಿ, ಬೆಲ್ಲ, ಅಂಟವಾಳ, ಸೀಗೆಕಾಯಿ, ಬಟ್ಟೆ ಸಾಬೂನು ಇವನ್ನು ಧಾರಾಳವಾಗಿ ಮಾರಿ. ಗಿರಾಕಿ ತಂದ ಡಬ್ಬಿಯನ್ನು ಮೊದಲು ತಕ್ಕಡಿಗೆ ಇಟ್ಟು 'ಟೇರ್' ಗುಂಡಿ ಒತ್ತಿ ಸೊನ್ನೆ ತೋರಿಸಿ, ಆಮೇಲೆ ತುಂಬಿ. ಸೊನ್ನೆ ಕಣ್ಣಿಗೆ ಬಿದ್ದರೆ ಮುಂದಿನ ಸಲ ಡಬ್ಬಿ ತಾನಾಗಿ ಬರುತ್ತದೆ.

ಬ್ಯಾಡಗಿ ನಿಮ್ಮ ಪಕ್ಕದಲ್ಲೇ ಇದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಹೊಸ ಮಾಲು ಬಂದಾಗ ತಂದು ಗೋಣಿಚೀಲದಲ್ಲಿ ಇಡಿ. ತೂಕ ಬರಲೆಂದು ನೀರು ಸಿಂಪಡಿಸಿದ ಕಾಯಿ ಇದ್ದರೆ ಚೀಲದ ನಡುವೆ ಬೂಸಲು ಹಿಡಿಯುತ್ತದೆ, ಅಂಥ ಕಾಯಿಯಲ್ಲಿ ವಿಷದ ಶಿಲೀಂಧ್ರ ಬೆಳೆಯಬಹುದು. ಪರೀಕ್ಷೆ ಸುಲಭ: ಕಾಯಿ ಅಲ್ಲಾಡಿಸಿದರೆ ಬೀಜ ಗಲಗಲ ಎನ್ನಬೇಕು, ತೊಟ್ಟು ಬಾಗದೆ ಚಟ್ಟನೆ ಮುರಿಯಬೇಕು. ಗಿರಾಕಿಗೆ ವರ್ಷದ ಖಾರವನ್ನು ಒಂದೇ ಸಲ ಕುಟ್ಟಿಸಬೇಡಿ ಎಂದು ಹೇಳಿ. ಪುಡಿಯಾದ ಮೇಲೆ ಬೆಳಕಿಗೆ ಬಣ್ಣ ಹೋಗುತ್ತದೆ, ಮೂರು-ನಾಲ್ಕು ತಿಂಗಳಿಗೆ ಆಗುವಷ್ಟೇ ಗಿರಣಿಗೆ ಹಾಕಿಸಲಿ.

ಪ್ರಶ್ನೆ: ಅಂಗಡಿಯಲ್ಲಿ ಎಲ್ಲವನ್ನೂ ಮಣ್ಣಿನ ಗಣಪ್ಪ ಎಂದೇ ಮಾರುತ್ತಾರೆ. ಗುರುತಿಸುವುದು ಹೇಗೆ? ಮನೆಯಲ್ಲೇ ಮಾಡಬಹುದೇ?
(ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ಮೂರ್ತಿಯ ತಳ ನೋಡಿ, ಅಲ್ಲಿ ಬಣ್ಣ ಇರುವುದಿಲ್ಲ. ಒಂದು ಹನಿ ನೀರು ಬಿಟ್ಟು ಬೆರಳಿನಿಂದ ಉಜ್ಜಿ. ಮಣ್ಣಾದರೆ ಕಪ್ಪಾಗಿ ಬೆರಳಿಗೆ ಅಂಟುತ್ತದೆ. ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಆದರೆ ನೀರನ್ನು ಹೀರಿ ಗಟ್ಟಿಯಾಗಿಯೇ ಇರುತ್ತದೆ, ಕೆರೆದರೆ ಬಿಳಿ ಹುಡಿ ಬರುತ್ತದೆ. ಪಿಓಪಿ ನೀರು ಕೂಡಿ ಗಟ್ಟಿಯಾದಾಗ ಜಿಪ್ಸಂ ಆಗುತ್ತದೆ. ಲೀಟರ್ ನೀರಿನಲ್ಲಿ ಎರಡೂವರೆ ಗ್ರಾಮಿಗಿಂತ ಹೆಚ್ಚು ಕರಗುವುದಿಲ್ಲ. ಎರಡು ಕಿಲೊ ಮೂರ್ತಿಗೆ ಕನಿಷ್ಠ 800 ಲೀಟರ್ ನೀರು ಬೇಕು, ಅದೂ ನಿಧಾನವಾಗಿ. ಬಾವಿಗಳ ತಳದಲ್ಲಿ ಕೈಕಾಲು ಮುರಿದ ಮೂರ್ತಿಗಳು ತಿಂಗಳುಗಟ್ಟಲೆ ಉಳಿಯುವುದು ಇದಕ್ಕೇ. ಮಣ್ಣಿನದರಲ್ಲೂ ಹೊಳೆಯುವ ಎಣ್ಣೆಬಣ್ಣ ಬಳಿದದ್ದು ಬೇಡ.

ಮನೆಯಲ್ಲಿ ಮಾಡುವವರು ಹೊಲದ ಎರೆ ಮಣ್ಣನ್ನೇ ತಂದು ಕೂರುತ್ತಾರೆ, ಮೂರನೆಯ ದಿನ ಹೊಟ್ಟೆ ಬಿರಿಯುತ್ತದೆ. ಎರೆ ಒಣಗುವಾಗ ಬಹಳ ಕುಗ್ಗುತ್ತದೆ, ಬೇಸಿಗೆಯಲ್ಲಿ ಹೊಲದ ಬಿರುಕು ನೀವು ಕಂಡದ್ದೇ. ಜೇಡಿಮಣ್ಣು ಸಿಕ್ಕರೆ ಒಳ್ಳೆಯದು. ಎರೆಯೇ ಆದರೆ ನಾಲ್ಕು ಪಾಲಿಗೆ ಒಂದು ಪಾಲು ಸಣ್ಣ ಮರಳು, ಒಂದು ಹಿಡಿ ನೆನೆಸಿ ಅರೆದ ಹಳೆಯ ಪತ್ರಿಕೆಯ ತಿರುಳು ಸೇರಿಸಿ, ಚಪಾತಿ ಹಿಟ್ಟಿನ ಹದಕ್ಕೆ ನಾದಿ ಒಂದು ರಾತ್ರಿ ಒದ್ದೆ ಬಟ್ಟೆಯಲ್ಲಿ ಮುಚ್ಚಿಡಿ. ಸೊಂಡಿಲು, ಕೈ ಅಂಟಿಸುವಲ್ಲಿ ಎರಡೂ ಕಡೆ ಗೀರು ಹಾಕಿ, ತೆಳು ಮಣ್ಣಿನ ಸರಿ ಬಳಿದು ಒತ್ತಿ. ನೆರಳಲ್ಲಿ ಐದಾರು ದಿನ ಒಣಗಲಿ, ಮೊದಲ ಎರಡು ದಿನ ಮೇಲೆ ತೆಳ್ಳಗಿನ ಬಟ್ಟೆ ಇರಲಿ. ಎತ್ತರ ಒಂಬತ್ತು ಇಂಚು ಮೀರಬೇಡಿ.

ಕಳಿಸುವ ದಿನ ಹಾರ, ದಾರ, ಜನಿವಾರ ಎಲ್ಲ ತೆಗೆದು, 25 ಲೀಟರಿನ ಬಕೆಟ್ಟಿನಲ್ಲಿ ಮುಳುಗಿಸಿ ಮುಚ್ಚಿಡಿ. ಒಂದೆರಡು ದಿನದಲ್ಲಿ ಕೆಸರಾಗುತ್ತದೆ. ಮೇಲಿನ ತಿಳಿನೀರನ್ನು ಗಿಡಕ್ಕೆ ಬಸಿದು, ತಳದ ಮಣ್ಣನ್ನು ಗೋಣಿಯ ಮೇಲೆ ಹರವಿ ಒಣಗಿಸಿ ಡಬ್ಬಿಗೆ ತುಂಬಿಡಿ. ಬರುವ ಚೌತಿಗೆ ಅದೇ ಮಣ್ಣು ಸಾಕಾಗುತ್ತದೆ.